ಇಬ್ಬರೇ

2024 ಮೇ 5, ಭಾನುವಾರ
ರಾತ್ರಿ 11 ದಾಟಿದೆ

ಮಾಣಿ ಮಲಗಿದ್ದಾನೆ. ಬೆನ್ನು ಕಾದ ಕಾವಲಿಯಂತಿದೆ. ಲೋಳೆಸರ ಹಚ್ಚುತ್ತೇನೆ ಬಾ ಎಂದರೆ "ನಾನೇ ಹಚ್ಚಿಕೊಳ್ಳುತ್ತೇನೆ" ಎಂದು ಬಟ್ಟಲು ಕಿತ್ತುಕೊಂಡು ಬಾಗಿಲು ಹಾಕಿಕೊಂಡ. ತನ್ನ ಬೆನ್ನಿಗೆ ತಾನೇ ಹೇಗೆ ಹಚ್ಚಿಕೊಂಡನೋ, ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಉತ್ತರ ಕೊಡುತ್ತಾನೆ. ಇವತ್ತಿಗೆ ಅವನ ಉತ್ತರಗಳು ನನಗೆ ಸಾಕಾಗಿವೆ.

ಎರಡು ದಿನದ ಪ್ರವಾಸ ಮುಗಿಸಿ ಸಂಜೆ ಏಳಕ್ಕೆ ಮನೆ ಸೇರಿದೆವು. ಪ್ರವಾಸ ಎನ್ನಲು ನನಗೇ ನಾಚಿಕೆ. ಉಡುಪಿಯಿಂದ ಮಂಗಳೂರಿಗೆ 60 ಕಿಲೋಮೀಟರ್. ದಿನಾ ಬಸ್ಸು ಹಿಡಿದು ಹೋಗಿ, ಕೆಲಸ ಮುಗಿಸಿ ಬರುವವರು ನಮ್ಮ ಓಣಿಯಲ್ಲೇ ಇದ್ದಾರೆ. ಅವನು ಕೇಳಿದ್ದು ಬಿಡದಿಯ ವಂಡರ್‌ಲಾ. ತರಗತಿಯ ಅರ್ಧ ಮಕ್ಕಳು ಅಲ್ಲಿಗೆ ಹೋಗಿ ಬಂದಿದ್ದಾರಂತೆ, ಉಳಿದ ಅರ್ಧ ದುಬೈಗೆ. ಸೊಸೈಟಿಯಲ್ಲಿ ಆಡಿಟ್ ಇನ್ನೂ ಮುಗಿದಿಲ್ಲ. ಶನಿವಾರ ಒಂದು ದಿನ ರಜೆ ಸಿಕ್ಕಿದ್ದೇ ದೊಡ್ಡದು. ಪಿಲಿಕುಳದ ನೀರಿನ ಪಾರ್ಕಿಗೆ ಹೋಗೋಣ, ರಾತ್ರಿ ಮಂಗಳೂರಿನಲ್ಲೇ ಲಾಡ್ಜಿನಲ್ಲಿ ಉಳಿಯೋಣ ಎಂದೆ. "ಎ.ಸಿ. ಇದೆಯೇ?" ಎಂದು ಕೇಳಿದ. ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

ಕೋಟದಿಂದ ಅಣ್ಣ ಕಾರು ತರುವುದೆಂದು ಮಾತಾಗಿತ್ತು. ಶುಕ್ರವಾರ ರಾತ್ರಿ ಫೋನು: ಬಾವಿಯ ಪಂಪು ಕೆಟ್ಟಿದೆ, ಮನೆಯಲ್ಲಿ ಕುಡಿಯಲೂ ನೀರಿಲ್ಲ, ಅಮ್ಮಮ್ಮನನ್ನು ಹಾಗೆ ಬಿಟ್ಟು ಬರುವುದು ಹೇಗೆ? ನಮಗೆ ನೀರಿನಲ್ಲಿ ಆಡುವ ಯೋಗ, ಅವನಿಗೆ ನೀರಿಗಾಗಿ ಪರದಾಡುವ ಯೋಗ. ಮಾಣಿಗೆ ಹೇಳಿದಾಗ "ಹೂಂ" ಎಂದ, ಅಷ್ಟೇ. ಕಾರಿನಲ್ಲಿ ಮಾವನಿಗೆ ಕೇಳಿಸಲೆಂದು ಮೊಬೈಲಿನಲ್ಲಿ ನಲವತ್ತು ಹಾಡುಗಳ ಪಟ್ಟಿ ಮಾಡಿಟ್ಟಿದ್ದನೆಂದು ಗೊತ್ತಾದದ್ದು ನಿನ್ನೆ ರಾತ್ರಿ.

ಬಸ್ಸಿನಲ್ಲಿ ಹೋದೆವು. ಖಾಸಗಿ ಎಕ್ಸ್‌ಪ್ರೆಸ್. ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟು ಜೂನ್‌ಗೆ ಒಂದು ವರ್ಷ ತುಂಬುತ್ತದೆ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಕರಾವಳಿಯಲ್ಲಿ ನಿಮಿಷಕ್ಕೊಂದರಂತೆ ಓಡುವ ಖಾಸಗಿ ಬಸ್ಸುಗಳ ಎದುರು ಸರ್ಕಾರಿ ಬಸ್ಸು ಕಾಯುತ್ತ ನಿಲ್ಲುವ ತಾಳ್ಮೆ ಯಾರಿಗಿದೆ? ನನ್ನ ಪಾಲಿನ ಶಕ್ತಿ ಹೀಗೇ ಟಿಕೆಟಿಗೆ ಖರ್ಚಾಗುತ್ತದೆ.

ನೀರಿನ ಪಾರ್ಕಿನಲ್ಲಿ ನನಗೆ ಮೊದಲ ಸಲ ಹೊಳೆದ ಒಂದು ಸಂಗತಿ: ಇಂಥ ಜಾಗಗಳನ್ನು ಕಟ್ಟುವವರು ಕನಿಷ್ಠ ಮೂರು ಜನ ಬರುತ್ತಾರೆಂದು ಲೆಕ್ಕ ಹಾಕಿಯೇ ಕಟ್ಟುತ್ತಾರೆ. ಜಾರುಬಂಡೆಯ ಟ್ಯೂಬಿನಲ್ಲಿ ಇಬ್ಬರು, ಕೆಳಗೆ ಚೀಲ ಹಿಡಿದು ನಿಲ್ಲಲು ಒಬ್ಬರು. ನಾವು ಹೋದರೆ ಚೀಲಕ್ಕೆ ಯಾರು? ಲಾಕರ್ ಇದೆ, ನಿಜ. ಆದರೆ ಅವನ ಕನ್ನಡಕ, ಅದನ್ನು ಒರೆಸುವ ಬಟ್ಟೆ, ನೀರಿನ ಬಾಟಲಿ, ಆಗಾಗ ಬೇಕಾಗುವ ದುಡ್ಡು, ಒಣ ಟವೆಲ್ಲು ಇವೆಲ್ಲ ಕೈಯಲ್ಲೇ ಇರಬೇಕಾದ ವಸ್ತುಗಳು. ಹಾಗಾಗಿ ನಾನು ಚೀಲವಾದೆ. ಅಲೆಯ ಕೊಳದಲ್ಲಿ ಮೊಣಕಾಲವರೆಗೆ ಇಳಿದು ಎಡಗೈಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ಆಡಿಸಿದೆ. ಏಪ್ರಿಲ್ 26ರ ಮತದ ಮಸಿ ಉಗುರಿನ ಬುಡದಲ್ಲಿ ಹಾಗೇ ಇತ್ತು. ಸರ್ಕಾರ ಮಾಡುವ ಕೆಲಸಗಳಲ್ಲಿ ಇದೊಂದು ಬಹಳ ಗಟ್ಟಿ.

ಅದಕ್ಕೂ ಮೊದಲು ಬಟ್ಟೆ ಬದಲಾಯಿಸುವ ಕೋಣೆಯ ಪ್ರಕರಣ ನಡೆದಿತ್ತು. ಕಳೆದ ವರ್ಷ ಮಲ್ಪೆಯಲ್ಲಿ ನನ್ನ ಜೊತೆಯೇ ಬಂದಿದ್ದ ಹುಡುಗ. ಈಗ ಗಂಡಸರ ಬೋರ್ಡಿನ ಕೆಳಗೆ ಒಂದು ಕ್ಷಣ ನಿಂತು, ಚೀಲದಿಂದ ಚಡ್ಡಿ ಎಳೆದುಕೊಂಡು, ನನ್ನ ಕಡೆ ನೋಡದೆ ಒಳಗೆ ಹೋದ. ಹತ್ತು ನಿಮಿಷವಾಯಿತು. ಹದಿನೈದಾಯಿತು. ಒಳಗೆ ಎಷ್ಟು ಜನರಿದ್ದಾರೆ, ನೆಲ ಜಾರುತ್ತದೆಯೇ, ಬಾಗಿಲು ಸಿಕ್ಕಿಹಾಕಿಕೊಂಡಿತೇ, ಇನ್ನೂ ಬಾಯಿಬಿಟ್ಟು ಬರೆಯಲಾಗದ ಏನೇನೋ ಯೋಚನೆಗಳು. ಹೊರಗೆ ಬರುತ್ತಿದ್ದ ಒಬ್ಬರನ್ನು ತಡೆದು ಹೇಳಿದೆ: "ಒಳಗೆ ನನ್ನ ಮಗ ಇದ್ದಾನೆ, ಹನ್ನೆರಡು ವರ್ಷ, ಅವನ ತಂದೆ ಬಂದಿಲ್ಲ, ಸ್ವಲ್ಪ ನೋಡುತ್ತೀರಾ?" ಅವರು ಪಾಪ, ಒಳಗೆ ಹೋಗಿ ಜೋರಾಗಿ ಕೂಗಿರಬೇಕು. ಮಾಣಿ ಹೊರಗೆ ಬಂದಾಗ ಕಿವಿಯವರೆಗೂ ಕೆಂಪಾಗಿದ್ದ. ಕನ್ನಡಕ ತೆಗೆದು ನನ್ನ ಅಂಗೈ ಮೇಲೆ ಇಟ್ಟು ಹೊರಟ. ಆ ಕನ್ನಡಕ ಇಟ್ಟ ರೀತಿಯಲ್ಲಿ ಒಂದು ಪೆಟ್ಟಿನಷ್ಟು ಸಿಟ್ಟಿತ್ತು.

ಆಮೇಲೆ ನಡೆದದ್ದು ನಗುವ ವಿಷಯ. ನಿನ್ನೆ ನಗಲಾಗಲಿಲ್ಲ, ಈಗ ಬರೆಯುವಾಗ ಸ್ವಲ್ಪ ನಗು ಬರುತ್ತಿದೆ. ದೊಡ್ಡ ಜಾರುಬಂಡೆಯ ತುದಿಯಲ್ಲಿ ನಿಂತು ಅವನು ಕೈ ಬೀಸಿದ. ಇಡೀ ದಿನದಲ್ಲಿ ಮೊದಲ ಸಲ, ತೋಳೆತ್ತಿ, ಚಿಕ್ಕವನಿದ್ದಾಗಿನಂತೆ. ಬೀಸಿದ್ದು ನನಗಲ್ಲ. ನನ್ನಿಂದ ಇಪ್ಪತ್ತು ಹೆಜ್ಜೆ ಆಚೆ ನನ್ನದೇ ಹಾಗೆ ಹಳದಿ ದುಪ್ಪಟ್ಟಾ ಹೊದ್ದ ಒಬ್ಬ ಹೆಂಗಸಿಗೆ. ಮೈನಸ್ ಮೂರೂವರೆ ಕಣ್ಣು, ಕನ್ನಡಕ ನನ್ನ ಕೈಯಲ್ಲಿ. ಆ ಹೆಂಗಸು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಾನೂ ಕೈ ಬೀಸಿದರು! ನಾನು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕೂದಲು ಸರಿಮಾಡಿಕೊಂಡೆ. ಮಧ್ಯಾಹ್ನ ಅವರೇ ಬಂದು ಪಕ್ಕದಲ್ಲಿ ಕುಳಿತರು, ಪುತ್ತೂರಿನವರು. ನಾಲ್ಕು ಮಾತಾಡಿದೆವು. ಅವರ ಹಲಸಿನ ಚಿಪ್ಸು ಚೆನ್ನಾಗಿತ್ತು. ಮಾಣಿ ನನ್ನ ಬೆನ್ನ ಹಿಂದೆಯೇ ಕುಳಿತು ಕಾಲಿನ ಉಗುರು ಕೆರೆಯುತ್ತಿದ್ದ.

ಹೊರಗೆ ಆಟೋಗೆ ಕಾಯುವಾಗ ಮಾತ್ರ ಒಂದು ಪೂರ್ತಿ ವಾಕ್ಯ ಆಡಿದ. ತನ್ನ ಪಾದ ನೋಡುತ್ತ ನಿಂತಿದ್ದವನು ಇದ್ದಕ್ಕಿದ್ದಂತೆ "ನಮ್ಮ ನೆರಳು ಈಗ ದಕ್ಷಿಣಕ್ಕೆ ಬೀಳುತ್ತದೆ" ಎಂದ. ನನಗೆ ಅರ್ಥವಾಗಲಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಊರುಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನಂತೆ, ಆ ಒಂದು ದಿನ ನಡುಮಧ್ಯಾಹ್ನ ನೆರಳೇ ಇಲ್ಲ. ಅಲ್ಲಿಂದ ಮುಂದೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ. ಆಗಸ್ಟ್‌ನಲ್ಲಿ ಮರಳಿ ಬರುವವರೆಗೆ ನಡುಮಧ್ಯಾಹ್ನದ ನೆರಳು ದಕ್ಷಿಣದ ಕಡೆಗೆ. "ಹನ್ನೆರಡು ಗಂಟೆಗೆ ನೋಡಬಾರದು, ಇಲ್ಲಿ ನಿಜವಾದ ಮಧ್ಯಾಹ್ನ ಆಗುವುದು ಹನ್ನೆರಡೂವರೆಯ ಹತ್ತಿರ" ಎಂದೂ ಹೇಳಿದ. ನಾಲ್ಕು ಬೆರಳಿನಷ್ಟೂ ಇಲ್ಲದ ಆ ನೆರಳನ್ನು ನಾನು ಬಗ್ಗಿ ನೋಡಿದೆ. ಇದನ್ನೆಲ್ಲ ಯಾವಾಗ ಕಲಿತ? ಇನ್ನೇನಾದರೂ ಕೇಳಬೇಕೆನ್ನುವಷ್ಟರಲ್ಲಿ ಆಟೋ ಬಂತು.

ಸಂಜೆ ಗಡ್‌ಬಡ್ ತಿಂದೆವು. ಇವತ್ತು ಬೆಳಿಗ್ಗೆ ಮತ್ತೆ ಪಿಲಿಕುಳ, ತಾರಾಲಯ. ಕತ್ತಲೆಯಲ್ಲಿ ತಲೆಯ ಮೇಲೆ ಗ್ರಹಗಳು ತೇಲಿ ಬಂದಾಗ ಹಿಂದಿನ ಸಾಲಿನ ಮಗುವೊಂದು ಹಿಡಿಯಲು ಕೈ ಚಾಚಿತು. ಮಾಣಿ ಚೀಲವನ್ನು ನನಗೂ ತನಗೂ ನಡುವಿನ ಕುರ್ಚಿಯಲ್ಲಿ ಕೂರಿಸಿದ್ದ. ಅಷ್ಟೇ ನೆನಪಿದೆ.

ಬರೆಯಬೇಕೆಂದು ಕುಳಿತದ್ದು ಬಸ್ಸಿನ ಮಾತನ್ನು.

ಸ್ಟೇಟ್‌ಬ್ಯಾಂಕಿನಲ್ಲಿ ಹತ್ತಿದೆವು, ಸೀಟು ಸಿಕ್ಕಿತು. ಕೊಟ್ಟಾರ ಚೌಕಿ ದಾಟಿದ ಮೇಲೆ ಕಂಡಕ್ಟರ್ ಬಂದು ತುಳುವಿನಲ್ಲಿ ಎಷ್ಟು ಜನ ಎಂದು ಕೇಳಿದ. ಉಡುಪಿಗೆ ಬಂದು ಹದಿನಾಲ್ಕು ವರ್ಷವಾದರೂ ನನ್ನ ತುಳು ಮೂರನೇ ಶಬ್ದಕ್ಕೆ ಮುಗ್ಗರಿಸುತ್ತದೆ. ಕನ್ನಡದಲ್ಲೇ "ಉಡುಪಿ, ಇಬ್ಬರೇ" ಎಂದೆ. ಅವನು ಮಾಣಿಯನ್ನು ನೋಡಿ "ಒಂದೂವರೆಯೇ?" ಎಂದ. ಕಿಟಕಿಯ ಕಡೆ ಮುಖ ಮಾಡಿದ್ದ ಮಾಣಿ ತಿರುಗದೆಯೇ "ರಡ್ಡ್ ಫುಲ್" ಎಂದ. ಕಂಡಕ್ಟರ್ ನಕ್ಕು ಟಿಕೆಟ್ ಹರಿದ.

ಕೂಳೂರು ಸೇತುವೆಯ ಮೇಲೆ ಬಸ್ಸು ಎಂದಿನಂತೆ ತೆವಳುತ್ತಿತ್ತು.

"ಇಬ್ಬರೇ ಎಂದು ಏಕೆ ಹೇಳುತ್ತೀಯ?"

"ಇಬ್ಬರೇ ತಾನೇ ಇರುವುದು?"

"ಎರಡು ಎಂದರೆ ಸಾಕು. ಇಬ್ಬರು ಎಂದರೂ ಸಾಕು. ಅವನಿಗೆ ಬೇಕಾಗಿರುವುದು ಲೆಕ್ಕ. ಆ 'ಏ' ಏಕೆ?"

ಕನ್ನಡ ವ್ಯಾಕರಣದಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ತೆಗೆಯುವ ಹುಡುಗ. ಅವಧಾರಣಾರ್ಥಕ ಅವ್ಯಯ ಎಂದು ನಾವು ಬಾಯಿಪಾಠ ಮಾಡಿದ್ದೆವು. ಅದು ಕಿವಿಗೆ ಹೇಗೆ ಚುಚ್ಚುತ್ತದೆ ಎಂದು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ನಾನು ಮಾತು ತೇಲಿಸಲು ನೋಡಿದೆ. ಅವನು ಬಿಡಲಿಲ್ಲ. ಬೆರಳು ಮಡಚುತ್ತ ಎಣಿಸಿದ.

"ಲಾಡ್ಜಿನಲ್ಲಿ ಅಪ್ಪ ಮಸ್ಕತ್‌ನಲ್ಲಿದ್ದರು. ಪುತ್ತೂರಿನ ಆ ಆಂಟಿಯ ಹತ್ತಿರ ಬೆಂಗಳೂರಿನಲ್ಲಿದ್ದರು, ರಜೆ ಸಿಕ್ಕಿರಲಿಲ್ಲ. ಆಟೋದವನ ಹತ್ತಿರ ರಾತ್ರಿ ಬಸ್ಸಿಗೆ ಬರುವವರಿದ್ದರು. ಎರಡು ದಿನದಲ್ಲಿ ನೀನು ಅಪ್ಪನನ್ನು ಎಷ್ಟು ಊರು ತಿರುಗಿಸಿದೆ, ಗೊತ್ತೇ? ಅವರಿರುವುದು ಶಿವಮೊಗ್ಗದಲ್ಲಿ."

ಮುಂದಿನ ಸೀಟಿನವರು ಕತ್ತು ಸ್ವಲ್ಪ ಓರೆ ಮಾಡಿದರು. ನಾನು ದನಿ ತಗ್ಗಿಸಿ "ಜನ ಕೇಳುತ್ತಾರೆ ಮಾಣಿ, ಏನಾದರೂ ಹೇಳಬೇಕಲ್ಲ" ಎಂದೆ.

"ಯಾರೂ ಕೇಳಲಿಲ್ಲ. ನೀನೇ ಹೇಳಿದೆ."

ಪಣಂಬೂರು ಹೋಯಿತು, ಸುರತ್ಕಲ್ ಹೋಯಿತು. ನಾನು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದೆ. ಲಾಡ್ಜಿನವನು ಕೇಳಿದ್ದು ಆಧಾರ್ ಕಾರ್ಡು. ಆಟೋದವನು ಕೇಳಿದ್ದು ಹಂಪನಕಟ್ಟೆಯಲ್ಲಿ ಎಲ್ಲಿ ಇಳಿಯುತ್ತೀರಿ ಎಂದು. ಪುತ್ತೂರಿನವರು ಎಲ್ಲಿಂದ ಬಂದಿರಿ ಎಂದು ಕೇಳಿ ಚಿಪ್ಸಿನ ಪೊಟ್ಟಣ ಮುಂದೆ ಹಿಡಿದಿದ್ದರು. ಅವನು ಹೇಳಿದ್ದು ನಿಜ. ಈ ಐದು ವರ್ಷಗಳಲ್ಲಿ ನನ್ನನ್ನು ಕೇಳಿದವರು ಎಷ್ಟು, ಕೇಳುವ ಮೊದಲೇ ನಾನಾಗಿ ಒಪ್ಪಿಸಿದ್ದು ಎಷ್ಟು?

ಹಳೆಯಂಗಡಿಯ ಹತ್ತಿರ ಅವನೇ ಮತ್ತೆ ಶುರು ಮಾಡಿದ, ಈ ಸಲ ಸ್ವಲ್ಪ ಮೆತ್ತಗೆ. "ನನ್ನ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು. ನಾನೇ ಹೇಳಿದ್ದೇನೆ."

"ಏನೆಂದು?"

"ಅಪ್ಪ ಬೇರೆ ಇದ್ದಾರೆ ಎಂದು. ಏನೂ ಆಗಲಿಲ್ಲ. ಇನ್ನೊಬ್ಬನ ಮನೆಯಲ್ಲೂ ಹಾಗೆಯೇ."

ಯಾವಾಗ ಹೇಳಿದ, ಯಾರ ಮುಂದೆ, ಹೇಳುವಾಗ ಮುಖ ಹೇಗಿತ್ತು, ಇದೆಲ್ಲ ನನಗೆ ಬೇಕಾಗಿತ್ತು. ನಾನು ಅವನ ಶಾಲೆಯ ಪೋಷಕರ ಸಭೆಗೆ ಹೋಗುವಾಗಲೆಲ್ಲ ಕರಿಮಣಿ ಹುಡುಕಿ ಹಾಕಿಕೊಂಡು ಹೋಗುತ್ತೇನೆ. ಅವನ ಸಲುವಾಗಿ ಎಂದು. ಅವನು ಅದನ್ನು ನೋಡುತ್ತ, ಏನೂ ಹೇಳದೆ, ನನ್ನ ಪಕ್ಕದಲ್ಲಿ ನಡೆದು ಬರುತ್ತಿದ್ದನಲ್ಲ!

ಕೇಳಬೇಕೆಂದು ಬಾಯಿ ತೆರೆದೆ. ಮೂಲ್ಕಿಯ ಸೇತುವೆ ಬಂತು, ಶಾಂಭವಿ ಹೊಳೆಯ ಮೇಲೆ ಬಿಸಿಲು ಇಳಿದಿತ್ತು. ಅವನು "ಹಸಿವಾಗುತ್ತಿದೆ, ಮನೆಯಲ್ಲಿ ಗೋಳಿಬಜೆ ಮಾಡುತ್ತೀಯಾ?" ಎಂದ. ಮೈದಾ ಇದೆ, ಮೊಸರು ಹುಳಿ ಬಂದಿದೆಯೋ ಇಲ್ಲವೋ ಎಂದೆ. ಪಡುಬಿದ್ರಿ ಬರುವಷ್ಟರಲ್ಲಿ ಕಿವಿಗೆ ಇಯರ್‌ಫೋನ್ ಹೋಗಿತ್ತು.

ಮೊಸರು ಹುಳಿ ಬಂದಿತ್ತು. ಹನ್ನೆರಡು ತಿಂದ.

ಎಂಟೂವರೆಗೆ ಶಿವಮೊಗ್ಗದಿಂದ ಫೋನು ಬಂತು, ಭಾನುವಾರದ ಫೋನು. ಎಂದಿನಂತೆ ನಾನು ಅಡುಗೆ ಮನೆಗೆ ಹೋದೆ, ಎಂದಿನಂತೆ ನಲ್ಲಿ ತಿರುಗಿಸಿದೆ. ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲು ನಾನು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತೇನೆ. ಇವತ್ತು ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು, ಎಲ್ಲ ಕೇಳಿಸಿತು.

"ಹೂಂ, ಪಿಲಿಕುಳ. ಚೆನ್ನಾಗಿತ್ತು... ಇಲ್ಲ, ಮಾವ ಬಂದಿದ್ದರು. ಅವರ ಕಾರಿನಲ್ಲೇ. ನಾನು ಮುಂದೆ ಕುಳಿತಿದ್ದೆ... ಹೂಂ, ಅಮ್ಮನೂ ಜಾರುಬಂಡೆಗೆ ಬಂದಳು. ದೊಡ್ಡದಕ್ಕೇ. ಎಷ್ಟು ಕಿರುಚಿದಳು ಗೊತ್ತೇ?"

ಆ ಕಡೆ ನಕ್ಕಿರಬೇಕು, ಇವನೂ ನಕ್ಕ.

ನಾನು ನಲ್ಲಿ ನಿಲ್ಲಿಸಿದೆ. ಬಾಗಿಲ ಹತ್ತಿರ ಹೋಗಿ ನಿಂತೆ. ಅವನು ನನ್ನನ್ನು ನೋಡಿದ, ಫೋನು ಕಿವಿಯಲ್ಲೇ ಇತ್ತು, ಕನ್ನಡಕವೂ ಇತ್ತು, ಹಾಗಾಗಿ ನಾನೆಂದು ಗೊತ್ತಾಗದೆ ಇರಲು ಕಾರಣವಿಲ್ಲ. "ಸರಿ ಅಪ್ಪ, ಇಡುತ್ತೇನೆ" ಎಂದ. ಲೋಳೆಸರದ ಬಟ್ಟಲಿನ ಗಲಾಟೆ ಆದದ್ದು ಇದಾದ ಮೇಲೆ.

ಒದ್ದೆ ಟವೆಲ್ಲುಗಳು ಚೀಲದಲ್ಲೇ ಉಳಿದಿವೆ. ಈಗಲೇ ತೆಗೆದು ಹರವದಿದ್ದರೆ ನಾಳೆಗೆ ಮುಗ್ಗಲು ವಾಸನೆ. ನಾಳೆ ಸೊಸೈಟಿಯಲ್ಲಿ ಎಲ್ಲರೂ ಕೇಳುತ್ತಾರೆ, ಹೇಗಾಯಿತು, ಯಾರು ಯಾರು ಹೋಗಿದ್ದಿರಿ ಎಂದು. ಅಲ್ಲ, ಕೇಳುತ್ತಾರೋ ಇಲ್ಲವೋ. ಕೇಳಿದರೆ