ಊಟವೇ ಆಗದ ಸಿನಿಮಾ

ನಿನ್ನೆ ರಾತ್ರಿ ಗೆಳೆಯರೆಲ್ಲ ಸೇರಿ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಅವರ 'ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸಿ' ನೋಡಿದೆವು. 1972ರ ಫ್ರೆಂಚ್ ಸಿನಿಮಾ, ಆಸ್ಕರ್ ಕೂಡ ಬಂದಿದೆ. ಕಥೆ ಇಷ್ಟೇ: ಆರು ಜನ ಸಿರಿವಂತರು ಒಟ್ಟಿಗೆ ಕೂತು ಊಟ ಮಾಡಬೇಕು. ಆಗೋದೇ ಇಲ್ಲ. ಒಂದು ಕಡೆ ಹೋಟೆಲ್ ಮಾಲೀಕನ ಹೆಣ ಪಕ್ಕದ ಕೋಣೆಯಲ್ಲೇ ಇರುತ್ತದೆ. ಇನ್ನೊಂದು ಕಡೆ ಟೀ ಖಾಲಿ, ಕಾಫಿಯೂ ಖಾಲಿ. ಕೆಲವು ದೃಶ್ಯಗಳಂತೂ ಬರೀ ಕನಸು ಅಂತ ಆಮೇಲೆ ಗೊತ್ತಾಗುತ್ತದೆ.

ಮುಗಿದಾಗ ಕೆಲವರಿಗೆ ನಗು ತಡೆಯೋಕೆ ಆಗ್ತಿರಲಿಲ್ಲ, ಉಳಿದವರಿಗೆ ಸಿಟ್ಟು. "ಎಲ್ಲ ತೋರಿಸಿ ಆಮೇಲೆ ಕನಸು ಅಂದ್ರೆ ಹೇಗೆ? ನಮ್ಮನ್ನ ಯಾಮಾರಿಸಿದ ಹಾಗಲ್ವಾ?" ಅಂದಳು ಒಬ್ಬಳು ಗೆಳತಿ. ಅವಳ ಮಾತಿನಲ್ಲಿ ನಿಜ ಇದೆ. ಕನಸು ಎಲ್ಲಿ ಶುರುವಾಯಿತು ಅಂತ ಸಿನಿಮಾ ಹೇಳೋದಿಲ್ಲ. ನಂಬಿ ಕೂತವರಿಗೆ ನೋವಾಗುತ್ತದೆ.

ನನ್ನನ್ನು ಮಾತ್ರ ಒಂದು ದೃಶ್ಯ ಇನ್ನೂ ಬಿಟ್ಟಿಲ್ಲ. ಎಲ್ಲರೂ ಮೇಜಿನ ಸುತ್ತ ಕೂತಿದ್ದಾರೆ. ಬಡಿಸಲು ತಂದ ಕೋಳಿ ಕೆಳಗೆ ಬೀಳುತ್ತದೆ. ನೋಡಿದರೆ ಅದು ನಕಲಿ. ಅಷ್ಟರಲ್ಲಿ ಪರದೆ ಸರಿಯುತ್ತದೆ. ಅವರು ಕೂತಿರೋದು ರಂಗದ ಮೇಲೆ, ಎದುರಿಗೆ ತುಂಬಿದ ಸಭೆ! ಒಬ್ಬನಿಗೆ ಹೇಳಬೇಕಾದ ಮಾತೇ ಗೊತ್ತಿಲ್ಲ. ಬೆವರುತ್ತಾನೆ.

ಅಲ್ಲಿ ನಾನು ಜೋರಾಗಿ ನಕ್ಕೆ. ಆಮೇಲೆ ಎದೆ ಒಂಥರಾ ಭಾರವಾಯಿತು. ಮರ್ಯಾದಸ್ಥರ ನಡುವೆ ಕೂತು, ಮುಂದೇನು ಹೇಳಬೇಕು ಅಂತ ತಿಳಿಯದೆ ನಾನೂ ಎಷ್ಟೋ ಸಲ ಸುಮ್ನೆ ತಲೆಯಾಡಿಸಿದ್ದೇನೆ. ಇದನ್ನ ಗೆಳತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಆ ಒಂದು ಸೀನ್ ಇನ್ನೊಮ್ಮೆ ಹಾಕು" ಅಂದಳು.