ಅಬ್ಬಾ ಅವರ ಗ್ರಾಚ್ಯುಟಿ, ಬ್ಯಾಂಕಿಲ್ಲದ ಬುಟ್ಟಿ

ನಮ್ಮ ಅಬ್ಬಾ ಅವರ ಪಾಸ್‌ಬುಕ್ಕಿನಲ್ಲಿ ಅಲ್ಲಲ್ಲಿ ಕೆಂಪು ಪೆನ್ನಿನ ಸುತ್ತುಗಳಿವೆ. ಮೂರು ತಿಂಗಳಿಗೊಮ್ಮೆ ಬ್ಯಾಂಕು ಹಾಕುವ ಬಡ್ಡಿ ಅದು. ಇಸ್ಲಾಮಿನಲ್ಲಿ ಬಡ್ಡಿ ಹರಾಮ್, ಅಂದರೆ ನಿಷಿದ್ಧ. ಹಾಗಾಗಿ ಆ ದುಡ್ಡನ್ನು ಮನೆ ಖರ್ಚಿಗೆ ಮುಟ್ಟುವ ಹಾಗಿಲ್ಲ. ಕಷ್ಟದಲ್ಲಿರುವ ಯಾರಿಗಾದರೂ ಕೊಟ್ಟುಬಿಡುತ್ತಾರೆ, ಪುಣ್ಯದ ಆಸೆಯನ್ನೂ ಇಟ್ಟುಕೊಳ್ಳದೆ. ಹೈಸ್ಕೂಲ್ ಮೇಷ್ಟ್ರ ಸಂಬಳಕ್ಕೆ ಅದು ಸಣ್ಣ ಲೆಕ್ಕ. ರಿಟೈರ್ ಆಗಿ ಗ್ರಾಚ್ಯುಟಿ ಬಂದ ಮೇಲೆ ಸುತ್ತು ಹಾಕಿದ ಮೊತ್ತ ದೊಡ್ಡದಾಯಿತು. "ಈ ಗ್ರಾಚ್ಯುಟಿ ದುಡ್ಡನ್ನ ಎಲ್ಲಾದರೂ ಸರಿಯಾದ ಕಡೆ ಹಾಕು" ಎಂದರು.

ಎಫ್‌ಡಿ ಮಾತೇ ಇಲ್ಲ. ಇನ್ನು ಹಲಾಲ್ ಲಾಭ ಅಂತ ತಿಂಗಳು ತಿಂಗಳು ದುಡ್ಡು ಕೊಡುವ ಕಂಪನಿಗಳು. ಅಂಥದ್ದೊಂದರಲ್ಲಿ ನಮ್ಮ ಚಾಚಾ, ಚಾಚಿಯ ಬಳೆ ಮಾರಿ ಕಟ್ಟಿದ್ದರು. ಕಂಪನಿ ಬಾಗಿಲು ಹಾಕಿತು. ವ್ಯಾಪಾರ ಅಂದಮೇಲೆ ಒಂದು ತಿಂಗಳು ಲಾಭ, ಇನ್ನೊಂದು ತಿಂಗಳು ನಷ್ಟ ಇರಬೇಕಲ್ವಾ? ತಪ್ಪದೆ ಇಷ್ಟೇ ಬರುತ್ತೆ ಅಂದರೆ ಅದು ಬಡ್ಡಿಯೇ ತಾನೆ? ಚಾಚಾಗೆ ಇದನ್ನು ಈಗ ಹೇಳಿ ಏನು ಉಪಯೋಗ.

ರಂಜಾನ್ ಮುಗಿದ ಮೇಲೆ ಒಂದು ಭಾನುವಾರ ದಾವಣಗೆರೆಗೆ ಹೋಗಿ, ಲ್ಯಾಪ್‌ಟಾಪಿನಲ್ಲಿ ಷರಿಯಾ ಷೇರುಗಳ, ಅಂದರೆ ಇಸ್ಲಾಮಿನ ನಿಯಮಕ್ಕೆ ಒಪ್ಪುವ ಕಂಪನಿಗಳ ಪಟ್ಟಿ ತೆರೆದು ಕೂತೆ. ಅಬ್ಬಾ ಹಾಜರಿ ಕರೆದ ಹಾಗೆ ಒಂದೊಂದೇ ಹೆಸರು ಓದಿಸಿದರು. ಇನ್ಫೋಸಿಸ್, ಟಿಸಿಎಸ್, ಹಿಂದೂಸ್ತಾನ್ ಯೂನಿಲಿವರ್ ಇದ್ದವು. ಬ್ಯಾಂಕು, ಇನ್ಶೂರೆನ್ಸ್ ಒಂದೂ ಇಲ್ಲ. ಹೆಂಡದ ಕಂಪನಿಗಳಂತೂ ಇಲ್ಲವೇ ಇಲ್ಲ.

"ಐಟಿಸಿ ಯಾಕಿಲ್ಲ? ನಿಮ್ಮಮ್ಮಿ ಚಪಾತಿ ಮಾಡೋ ಆಶೀರ್ವಾದ್ ಹಿಟ್ಟು ಅವರದ್ದೇ."

"ಸಿಗರೇಟೂ ಅವರದ್ದೇ ಅಬ್ಬಾ."

ತಟ್ಟೆ ಪಕ್ಕದಲ್ಲಿದ್ದ ಸನ್‌ಫೀಸ್ಟ್ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ, ಕನ್ನಡಕ ಮೇಲೇರಿಸಿ ಸಣ್ಣಕ್ಷರ ಓದಿದರು. ಅದೂ ಐಟಿಸಿ. "ತಿನ್ನೋಕೆ ಅಡ್ಡಿಯಿಲ್ಲ, ಪಾಲುದಾರ ಆಗಬಾರದು. ಅಷ್ಟೇ ತಾನೆ?" ಎಂದು ಇನ್ನೊಂದು ತೆಗೆದುಕೊಂಡರು. ನಾನು ಅಷ್ಟು ಹೊತ್ತು ಕೊರೆದದ್ದು ಒಂದೇ ಮಾತಿನಲ್ಲಿ ಮುಗಿಯಿತು.

ತಕರಾರು ಶುರುವಾಗಿದ್ದು ಆಮೇಲೆ. ಕಂಪನಿ ಮಾಡುವ ಕೆಲಸ ಸರಿಯಿದ್ದರೆ ಸಾಲದು, ಆಸ್ತಿ-ಸಾಲದ ಲೆಕ್ಕ, ಅಂದರೆ ಬ್ಯಾಲೆನ್ಸ್ ಶೀಟೂ ನೋಡುತ್ತಾರೆ. ಷರಿಯಾ ಹೂಡಿಕೆಗೆ ಸಲಹೆ ಕೊಡುವ ಮುಂಬೈಯ ಟಾಸಿಸ್ ಸಂಸ್ಥೆಯ ಅಳತೆಯಲ್ಲಿ ಬಡ್ಡಿ ಸಾಲ ಒಟ್ಟು ಆಸ್ತಿಯ 25% ದಾಟಬಾರದು, ಬಡ್ಡಿ ಆದಾಯ ಒಟ್ಟು ಆದಾಯದ 3% ದಾಟಬಾರದು. 2010ರಲ್ಲಿ ಮುಂಬೈ ಷೇರುಪೇಟೆ ಬಿಎಸ್‌ಇ, ಐವತ್ತು ಕಂಪನಿಗಳ ಷರಿಯಾ 50 ಸೂಚ್ಯಂಕ ಶುರು ಮಾಡಿದ್ದೂ ಅವರ ಜೊತೆಗೇ.

"ಅಂದರೆ ಇನ್ಫೋಸಿಸ್ಸಿಗೂ ಬಡ್ಡಿ ಬರುತ್ತಾ?"

"ಬರುತ್ತೆ. ಅಷ್ಟೊಂದು ನಗದನ್ನ ಗೋಣಿಚೀಲದಲ್ಲಿ ಇಡೋಕಾಗುತ್ತಾ?"

"ಹರಾಮಿಗೆ ಪರ್ಸೆಂಟ್ ಲೆಕ್ಕ ಎಲ್ಲಿಂದ ಬಂತು?"

ಬಡ್ಡಿಯ ಗಾಳಿಯೂ ಸೋಕದ ದೊಡ್ಡ ಕಂಪನಿ ಇವತ್ತು ಸಿಗುವುದು ಕಷ್ಟ. ಅದಕ್ಕೇ ವಿದ್ವಾಂಸರು ಕೊಟ್ಟ ವಿನಾಯಿತಿ ಇದು. ಬದಲಿಗೆ, ಕಂಪನಿ ಷೇರುದಾರರಿಗೆ ಹಂಚುವ ಲಾಭದಲ್ಲಿ, ಅಂದರೆ ಡಿವಿಡೆಂಡಿನಲ್ಲಿ ಬಡ್ಡಿಯ ಪಾಲು ಎಷ್ಟೋ ಅಷ್ಟನ್ನು ತೆಗೆದು ಕೊಟ್ಟುಬಿಡಬೇಕು. ಅದು ಅಬ್ಬಾಗೆ ಗೊತ್ತಿದ್ದ ದಾರಿಯೇ, ಕೆಂಪು ಪೆನ್ನಿನದ್ದು. ಪೂರ್ತಿ ಒಪ್ಪಲಿಲ್ಲ, ಆದರೆ ಸುಮ್ಮನಾದರು.

ನನ್ನ ಅಳುಕು ಬೇರೆ. ಷರಿಯಾ ಷೇರುಗಳ ಬುಟ್ಟಿಯಲ್ಲಿ ಐವತ್ತು ಹೆಸರಿದ್ದ ಮಾತ್ರಕ್ಕೆ ದುಡ್ಡು ಎಲ್ಲ ಕಡೆ ಹರಡಿದೆ ಅನ್ನಲಾಗದು. ದೇಶದ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ 50ರಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಂಕು, ಫೈನಾನ್ಸು. ಅದನ್ನು ತೆಗೆದರೆ ಆ ಜಾಗವನ್ನು ಸಾಫ್ಟ್‌ವೇರ್, ಔಷಧ, ಸೋಪು-ಪೇಸ್ಟಿನವರು ತುಂಬುತ್ತಾರೆ. 2022ರಲ್ಲಿ ಐಟಿ ಸೂಚ್ಯಂಕ 26% ಹತ್ತಿರ ಬಿತ್ತು. ಅದೇ ವರ್ಷ ಬ್ಯಾಂಕ್ ಷೇರುಗಳ ಸೂಚ್ಯಂಕ ಬ್ಯಾಂಕ್ ನಿಫ್ಟಿ 20%ಕ್ಕಿಂತ ಜಾಸ್ತಿ ಏರಿತು. 2020ರ ಕೊರೊನಾ ಹೊತ್ತಿನಲ್ಲಿ ಬ್ಯಾಂಕ್ ಷೇರುಗಳು ನೆಲ ಕಚ್ಚಿದಾಗ ಇದೇ ಬುಟ್ಟಿಯವರಿಗೆ ಪೆಟ್ಟು ಕಡಿಮೆ ಬಿದ್ದದ್ದೂ ನಿಜ. ಆದರೆ ನನ್ನ ಸಂಬಳ ಬರುವುದೂ ಸಾಫ್ಟ್‌ವೇರಿನಿಂದಲೇ. ಐಟಿ ಕುಸಿದರೆ ಮಗನ ಕೆಲಸ, ಅಪ್ಪನ ಗ್ರಾಚ್ಯುಟಿ ಎರಡಕ್ಕೂ ಒಟ್ಟಿಗೇ ಪೆಟ್ಟು.

ಹಾಗಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಷೇರಿಗೆ, ಅದೂ ಕಂತುಕಂತಾಗಿ ಎಂದೆ. ಚಿನ್ನದ ಮಾತು ಬಂತು. ಸರ್ಕಾರದ ಗೋಲ್ಡ್ ಬಾಂಡಿಗೆ ವರ್ಷಕ್ಕೆ 2.5% ಬಡ್ಡಿ ಇದೆ ಅಂದ ಕೂಡಲೇ ಅಬ್ಬಾ ಕೈ ಅಲ್ಲಾಡಿಸಿದರು. ಷೇರುಪೇಟೆಯಲ್ಲೇ ಕೊಳ್ಳುವ ಚಿನ್ನದ ಫಂಡು, ಅಂದರೆ ಗೋಲ್ಡ್ ಇಟಿಎಫ್ ಸ್ವಲ್ಪ ಸಾಕು ಅಂತಾಯಿತು. ಉಳಿದದ್ದರಲ್ಲಿ ಮಹಡಿ ಮೇಲೆ ಒಂದು ರೂಮು ಕಟ್ಟಿ ಬಾಡಿಗೆಗೆ ಬಿಡುವುದು. ಅದು ಅಮ್ಮಿಯ ಯೋಜನೆ, ಯಾರೂ ಎದುರು ಮಾತಾಡಲಿಲ್ಲ.

ಷೇರಿನ ಪಟ್ಟಿ ಆಗಾಗ ಬದಲಾಗುತ್ತೆ, ಸಾಲ ಜಾಸ್ತಿ ಮಾಡಿದ ಕಂಪನಿ ಹೊರಗೆ ಬೀಳುತ್ತೆ, ಆಗ ಮಾರಬೇಕು ಅಂತಲೂ ಹೇಳಿದ್ದೆ. ಹೊರಡುವಾಗ ಗೇಟಿನ ತನಕ ಬಂದು, "ಲಾಭಕ್ಕೋ ನಷ್ಟಕ್ಕೋ, ಮಾರೋ ಮೊದಲು ನನಗೊಂದು ಫೋನ್ ಮಾಡು" ಎಂದರು.