ಶೆಟ್ಟಿಹಳ್ಳಿ ತೆಪ್ಪದಲ್ಲಿ ಇಂಗ್ಲೆಂಡ್ ಲಾಕ್ ಪುರಾಣ

ಅಕ್ಕ ಭಾವ ಇಂಗ್ಲೆಂಡಿಂದ ರಜಕ್ಕೆ ಬಂದಿದ್ರು, ಹಾಸನದಲ್ಲಿ ಮನೇಲೇ ಕೂತು ಬೇಜಾರಾಯ್ತು ಅಂದಿದ್ದಕ್ಕೆ ಶೆಟ್ಟಿಹಳ್ಳಿ ಚರ್ಚ್ ಕಡೆ ಹೊರಟ್ವಿ. ಮಳೆಗಾಲ ಮುಗಿಯೋ ಟೈಮು, ಹೇಮಾವತಿ ಹಿನ್ನೀರು ಚರ್ಚ್ ಒಳಗೇ ನುಗ್ಗಿತ್ತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದಂತೆ, ಗೊರೂರು ಡ್ಯಾಮ್ ಆದ್ಮೇಲೆ ಮುಳುಗೋದು ಏಳೋದೇ ಅದರ ಪಾಡು. ದಡದಲ್ಲಿದ್ದ ತೆಪ್ಪದವರ ಹತ್ರ ರೇಟ್ ಮಾತಾಡಿ ಹತ್ತಿದ್ವಿ. ಬಿದಿರು ಹೆಣೆದು ಅಡಿಗೆ ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿದಿರೋ ತೆಪ್ಪ, ಬಿಸಿಲಿಗೆ ಡಾಂಬರು ಘಂ ಅಂತಿತ್ತು, ಸೀರೆಗೆ ಅಂಟುತ್ತೆ ಅಂತ ಅಕ್ಕ ಅಂಚು ಎತ್ತಿ ಹಿಡ್ಕೊಂಡೇ ಕೂತ್ಲು.

ಭಾವ ಶುರು ಹಚ್ಕೊಂಡ್ರು. ಇಂಗ್ಲೆಂಡಲ್ಲಿ ಉದ್ದಕ್ಕಿರೋ ದೋಣಿ ಬಾಡಿಗೆಗೆ ಸಿಗುತ್ತಂತೆ, ಒಳಗೇ ಅಡುಗೆಮನೆ ಮಂಚ ಎಲ್ಲ, ಅದ್ರಲ್ಲಿ ಕೆನೆಟ್ ಅಂಡ್ ಏವನ್ ಕಾಲುವೇಲಿ ಹೋದಾಗ ಕೇನ್ ಹಿಲ್ ಅಂತ ಗುಡ್ಡ, ಸಾಲಾಗಿ 29 ಲಾಕು, ಒಟ್ಟು 72 ಮೀಟರ್ ಎತ್ತರ ದೋಣಿ ಹತ್ತಬೇಕು. ಲಾಕ್ ಅಂದ್ರೆ ಎರಡು ಗೇಟ್ ಮಧ್ಯೆ ಕಲ್ಲಿನ ಗುಂಡಿ, ದೋಣಿ ಒಳಗೆ ಹೋದ್ಮೇಲೆ ಹಿಂದಿನ ಗೇಟ್ ಹಾಕಿ ಮುಂದಿನದರಿಂದ ನೀರು ಬಿಟ್ರೆ ದೋಣಿ ತಾನಾಗೇ ಮೇಲೇಳುತ್ತೆ. ಎರಡೂ ಕಡೆ ನೀರು ಸಮ ಆಗೋವರೆಗೂ ಹತ್ತು ಜನ ತಳ್ಳಿದ್ರೂ ಗೇಟ್ ಅಲ್ಲಾಡಲ್ಲ, ಸಮ ಆಯ್ತೋ ಒಬ್ರೇ ಬೆನ್ನು ಕೊಟ್ಟು ತೆಗೀಬಹುದು. "ಬೆನ್ನು ಕೊಟ್ಟಿದ್ದು ನಾನು, ಇವ್ರು ಸ್ಟೈಲಾಗಿ ದೋಣಿ ಓಡಿಸ್ಕೊಂಡ್ ಬಂದ್ರು" ಅಂದ್ಲು ಅಕ್ಕ.

ತೆಪ್ಪದವರು ಹುಟ್ಟು ಹಾಕೋದು ನಿಲ್ಲಿಸಿ ಕೇಳ್ತಿದ್ರು. "ಅಂಗಾರೆ ಇದು ನಮ್ ಕೆರೆ ತೂಬಿನ್ ಕೆಲ್ಸವೇಯ ಸಾರ್. ಮೇಲಿನ್ ತೂಬ್ ಎತ್ತುದ್ರೆ ತುಂಬ್ತದೆ, ಕೆಳಗಿನ್ದ್ ಎತ್ತುದ್ರೆ ಖಾಲಿ ಆಯ್ತದೆ." ಭಾವ ಹತ್ತು ನಿಮಿಷ ಕೈ ಕಾಲು ಆಡಿಸಿ ವಿವರಿಸಿದ್ದನ್ನ ಮನುಷ್ಯ ಎರಡು ಮಾತಲ್ಲಿ ಮುಗಿಸಿಬಿಟ್ಟ!

ಆಮೇಲೆ ಅವರೇ ಕೇಳಿದ್ರು, ಗೊರೂರ್ ಕಟ್ಟೇಗೂ ಅಂಥದ್ ಮಡಗಿದ್ರೆ ಕೆಆರ್‌ಎಸ್‌ಗಂಟ ನೀರಲ್ಲೇ ಹೋಗ್ಬೋದಾ ಅಂತ. ಭಾವಂಗೆ ಖುಷಿಯೋ ಖುಷಿ, ಮೊಬೈಲ್ ತೆಗೆದು ಲೆಕ್ಕ ಹಾಕಿದ್ರು. ಡ್ಯಾಮ್ ಎತ್ತರ ಸುಮಾರು 58 ಮೀಟರ್, ಅಲ್ಲಿ ಒಂದೊಂದು ಲಾಕಿಗೆ ಎರಡೂವರೆ ಮೀಟರ್, ಇಲ್ಲೂ ಹಂಗೇ ಅಂದ್ರೆ ಇಪ್ಪತ್ಮೂರು ಇಪ್ಪತ್ನಾಲ್ಕು ಬೇಕು. ಪ್ರತಿ ಸಲ ಒಂದು ಲಾಕ್ ಖಾಲಿ ಮಾಡೋಕೆ ಎರಡು ಲಕ್ಷ ಲೀಟರಿಗೂ ಮೇಲೆ ನೀರು ಕೆಳಗೆ ಹೋಗುತ್ತೆ, ಅದಕ್ಕೇ ಕೇನ್ ಹಿಲ್ಲಲ್ಲಿ ಪಂಪ್ ಇಟ್ಟು ವಾಪಸ್ ಮೇಲಕ್ಕೆ ಹತ್ತಿಸ್ತಾರೆ ಅಂದ್ರು.

ತೆಪ್ಪದವರಿಗೆ ನಗು ತಡೆಯೋಕಾಗ್ಲಿಲ್ಲ. "ನಾಲೆಗ್ ಬಿಡಿ ಅಂತ ನಾವ್ ರೋಡಲ್ ಕುಂತ್ಕತೀವಿ, ಅತ್ಲಾಗೆ ತುಮಕೂರ್ನೋರು ನಮಗ್ ಬಿಡಿ ಅಂತಾರೆ, ಇನ್ ದೋಣಿಗ್ ಬಿಡ್ತಾರಾ ಸಾರ್?"

ಭಾವ ಮೊಬೈಲ್ ಜೇಬಿಗೆ ಹಾಕಿದ್ರು. ಪಾಪ ಅನ್ನಿಸ್ತು, ಅದಕ್ಕೇ ನಾನು ಕೇರಳದ ವಿಷ್ಯ ತೆಗೆದೆ. ಅಲೆಪ್ಪಿಯಿಂದ ಕೊಲ್ಲಂಗೆ ಹೋಗೋ ಜಲಮಾರ್ಗದಲ್ಲಿ ತ್ರಿಕ್ಕುನ್ನಪುಳ ಅಂತ ಊರಲ್ಲಿ ಲಾಕ್ ಇದೆ, ಸಮುದ್ರದ ಉಪ್ಪುನೀರು ಕುಟ್ಟನಾಡಿನ ಗದ್ದೆಗೆ ನುಗ್ಗದ ಹಾಗೂ ತಡೆಯುತ್ತೆ ಅದು. ಮುಂದಿನ ಸಲ ಅಲ್ಲಿಗೇ ಹೋಗೋಣ ಅಂದ್ರು ಭಾವ ತಕ್ಷಣ.

"ಬರ್ತೀನಿ, ಗೇಟ್ ಮಾತ್ರ ನೀವು ತಳ್ಳಿ" ಅಂದ್ಲು ಅಕ್ಕ.